ಸಣ್ಣ ಉದ್ದಿಮೆ ದೊಡ್ಡದಾಗದೇಕೆ?

ಪರೀಕ್ಷೆಯ ಫಲಿತಾಂಶ ಹೊರಬಿದ್ದ ದಿನಗಳಲ್ಲಿ ಮನೆಮನೆಗಳಲ್ಲೂ ಕೇಳಿಬರುವ ಮಾತು ಒಂದೇ: ‘ಮುಂದೇನು?’ ಎಂಜಿನಿಯರಿಂಗ್, ಬ್ಯಾಂಕ್ ಪರೀಕ್ಷೆ, ಸರ್ಕಾರಿ ನೌಕರಿ ಎಂದರೆ ಅಪ್ಪ ಅಮ್ಮನ ಮುಖ ಅರಳುತ್ತದೆ. ‘ಸ್ವಂತದ್ದೊಂದು ಉದ್ದಿಮೆ ಮಾಡುತ್ತೇನೆ’ ಎಂದು ಮಗನೋ ಮಗಳೋ ಬಾಯಿಬಿಟ್ಟರೆ ಮಾತ್ರ ಮನೆಯಲ್ಲಿ ಮೌನ. ‘ಅದೆಲ್ಲ ದುಡ್ಡಿದ್ದವರಿಗೆ, ನಮಗಲ್ಲ’ ಎಂಬ ಬುದ್ಧಿವಾದ ಅದರ ಹಿಂದೆಯೇ ಬರುತ್ತದೆ.

ಹೆತ್ತವರ ಈ ಅಂಜಿಕೆಯನ್ನು ಹೇಡಿತನವೆಂದು ತಳ್ಳಿಹಾಕುವಂತಿಲ್ಲ. ಅದರ ಹಿಂದೆ ಎರಡು ಮೂರು ತಲೆಮಾರುಗಳ ಅನುಭವವಿದೆ. ನಮ್ಮ ದೇಶದಲ್ಲಿ ಉದ್ದಿಮೆ ಆರಂಭಿಸುವವರಿಗೆ ಎಂದೂ ಬರವಿರಲಿಲ್ಲ. ಹಿಟ್ಟಿನ ಗಿರಣಿ, ಲೇತ್ ಯಂತ್ರದ ಷೆಡ್ಡು, ಬೇಕರಿ, ಹೊಲಿಗೆ ಘಟಕ, ಊದುಬತ್ತಿ ತಯಾರಿಕೆ ಇಲ್ಲದ ಊರು ಯಾವುದಿದೆ? ಆದರೆ ಐದು ಮಂದಿಯಿಂದ ಶುರುವಾದ ಷೆಡ್ಡು ಇಪ್ಪತ್ತು ವರ್ಷಗಳ ನಂತರವೂ ಆರು ಮಂದಿಯ ಷೆಡ್ಡಾಗಿಯೇ ಉಳಿದಿರುವುದು ಅಪರೂಪವಲ್ಲ. ಅದರ ಯಜಮಾನ ದುಡಿದು ದಣಿದಿದ್ದಾನೆ. ಮಗ ಅದೇ ಕಸುಬಿಗೆ ಬರುವುದು ಅವನಿಗೇ ಬೇಡವಾಗಿದೆ.

ಇದು ಬರಿಯ ಊಹೆಯಲ್ಲ. ಚಾಂಗ್ ತಾಯ್ ಶೇ ಮತ್ತು ಪೀಟರ್ ಕ್ಲೆನೌ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಕಾರ್ಖಾನೆಗಳ ವಯಸ್ಸು ಮತ್ತು ಗಾತ್ರವನ್ನು ಹೋಲಿಸಿ ನೋಡಿತು. ಅಮೆರಿಕದಲ್ಲಿ 40 ವರ್ಷ ಕಂಡ ಕಾರ್ಖಾನೆಯಲ್ಲಿ, 5 ವರ್ಷದೊಳಗಿನ ಕಾರ್ಖಾನೆಗಿಂತ ಸರಾಸರಿ ಏಳು ಪಟ್ಟಿಗೂ ಹೆಚ್ಚು ಜನ ಕೆಲಸ ಮಾಡುತ್ತಾರೆ. ಭಾರತದಲ್ಲಿ ಅಷ್ಟೇ ಕಾಲ ಉಳಿದ ಕಾರ್ಖಾನೆ ಬೆಳೆಯುವುದು ಸುಮಾರು ಎರಡು ಪಟ್ಟು ಮಾತ್ರ. ಕೇಂದ್ರ ಸರ್ಕಾರದ 2018-19ರ ಆರ್ಥಿಕ ಸಮೀಕ್ಷೆ ನೂರಕ್ಕಿಂತ ಕಡಿಮೆ ಕೆಲಸಗಾರರಿದ್ದು ಹತ್ತು ವರ್ಷ ದಾಟಿದ ಘಟಕಗಳನ್ನು ‘ಕುಬ್ಜ’ಗಳೆಂದೇ ಕರೆಯಿತು. ಸಂಘಟಿತ ತಯಾರಿಕಾ ವಲಯದ ಘಟಕಗಳಲ್ಲಿ ಅರ್ಧದಷ್ಟು ಇಂತಹವೇ. ಆದರೆ ಆ ವಲಯದ ಉದ್ಯೋಗದಲ್ಲಿ ಅವುಗಳ ಪಾಲು ಶೇ 14ರಷ್ಟು ಮಾತ್ರ.

ವಿದ್ಯಾರ್ಥಿಗಳು ಗಮನಿಸಬೇಕಾದುದು ಇಲ್ಲೇ. ದೇಶದಲ್ಲಿ ಹೊಸ ಉದ್ಯೋಗ ಹೇರಳವಾಗಿ ಹುಟ್ಟುವುದು ಸಣ್ಣದಾಗಿಯೇ ಉಳಿದ ಘಟಕಗಳಿಂದಲ್ಲ, ಬೆಳೆಯುವ ಘಟಕಗಳಿಂದ. ಹಾಗಾದರೆ ಅವು ಏಕೆ ಬೆಳೆಯಲಿಲ್ಲ? ತಡೆದವರು ಯಾರು?

ಅನುಮತಿಯ ಕಾಲ

ಸ್ವಾತಂತ್ರ್ಯ ಬಂದಾಗ ದೇಶದ ಬಳಿ ಬಂಡವಾಳ ಕಡಿಮೆ, ವಿದೇಶಿ ವಿನಿಮಯ ಇನ್ನೂ ಕಡಿಮೆ. ಇದ್ದುದನ್ನು ಯೋಜನೆಯಂತೆ ಬಳಸಬೇಕು, ಆರ್ಥಿಕ ಬಲವೆಲ್ಲ ಕೆಲವೇ ಸಿರಿವಂತರ ಕೈಸೇರಬಾರದು ಎಂಬ ಸದುದ್ದೇಶದಿಂದ ಸರ್ಕಾರ ಲಗಾಮು ಹಿಡಿಯಿತು. 1951ರ ಕೈಗಾರಿಕಾ ಅಭಿವೃದ್ಧಿ ಮತ್ತು ನಿಯಂತ್ರಣ ಕಾಯಿದೆಯ ಪ್ರಕಾರ, ಪಟ್ಟಿಮಾಡಿದ ಉದ್ದಿಮೆಗಳಲ್ಲಿ ನಿಗದಿತ ಗಾತ್ರದ ಹೊಸ ಕಾರ್ಖಾನೆ ತೆರೆಯಲು ದೆಹಲಿಯ ಲೈಸೆನ್ಸ್ ಬೇಕಾಯಿತು. ಇದ್ದ ಕಾರ್ಖಾನೆಯನ್ನು ಗಣನೀಯವಾಗಿ ವಿಸ್ತರಿಸಲು, ಹೊಸ ವಸ್ತು ತಯಾರಿಸಲು, ಜಾಗ ಬದಲಿಸಲು ಕೂಡ ಲೈಸೆನ್ಸ್. 1956ರ ಕೈಗಾರಿಕಾ ನೀತಿ 17 ಉದ್ದಿಮೆಗಳ ಬೆಳವಣಿಗೆಯನ್ನು ಸರ್ಕಾರಕ್ಕೇ ಮೀಸಲಿಟ್ಟಿತು. 1969ರಲ್ಲಿ ಏಕಸ್ವಾಮ್ಯ ತಡೆ ಕಾಯಿದೆ ಬಂತು. ಇದೆಲ್ಲಕ್ಕೂ ‘ಲೈಸೆನ್ಸ್ ಪರ್ಮಿಟ್ ರಾಜ್’ ಎಂದು ಹೆಸರಿಟ್ಟವರು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದ ರಾಜಾಜಿ.

ಫಲವೇನಾಯಿತು? ಲೈಸೆನ್ಸಿನಲ್ಲಿ ಬರೆದದ್ದಕ್ಕಿಂತ ಹೆಚ್ಚು ಸರಕು ತಯಾರಿಸುವುದೇ ತಪ್ಪೆನಿಸಿತು. ಜನ ಬಜಾಜ್ ಸ್ಕೂಟರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದರು. ಕೊಳ್ಳುವವರಿದ್ದರು, ತಯಾರಿಸುವ ಶಕ್ತಿಯಿತ್ತು, ತಯಾರಿಸುವ ಅನುಮತಿ ಮಾತ್ರ ಇರಲಿಲ್ಲ.

ವಿಚಿತ್ರವೆಂದರೆ, ದೊಡ್ಡವರನ್ನು ಕಟ್ಟಿಹಾಕಲು ತಂದ ವ್ಯವಸ್ಥೆಯಿಂದ ಲಾಭವಾದದ್ದು ಹೆಚ್ಚಾಗಿ ದೊಡ್ಡವರಿಗೇ. ಯೋಜನಾ ಆಯೋಗಕ್ಕಾಗಿ ಆರ್.ಕೆ. ಹಜಾರಿ ನಡೆಸಿದ ಅಧ್ಯಯನ 1960ರ ದಶಕದಲ್ಲೇ ಇದನ್ನು ಎತ್ತಿ ತೋರಿಸಿತು. ದೊಡ್ಡ ಮನೆತನಗಳು ಒಂದರ ಮೇಲೊಂದು ಅರ್ಜಿ ಹಾಕಿ ಲೈಸೆನ್ಸ್‌ಗಳನ್ನು ಮೊದಲೇ ಕೈವಶ ಮಾಡಿಕೊಳ್ಳುತ್ತಿದ್ದವು. ಹೀಗಾಗಿ ಹೊಸಬರಿಗೆ ಜಾಗವೇ ಉಳಿಯುತ್ತಿರಲಿಲ್ಲ. ದೆಹಲಿಯಲ್ಲಿ ಕಚೇರಿ ತೆರೆದು ಕಡತದ ಬೆನ್ನು ಹತ್ತುವ ಶಕ್ತಿ ಅವರಿಗಿತ್ತು. ಹುಬ್ಬಳ್ಳಿಯ ಅಥವಾ ಬೆಳಗಾವಿಯ ಒಬ್ಬ ಯಂತ್ರಗಾರನಿಗೆ ಅದೆಲ್ಲಿ ಸಾಧ್ಯ?

ಏಳು ಮಂದಿ ಎಂಜಿನಿಯರುಗಳು 10,000 ರೂಪಾಯಿ ಬಂಡವಾಳದಲ್ಲಿ 1981ರಲ್ಲಿ ಆರಂಭಿಸಿದ ಇನ್ಫೊಸಿಸ್‌ನ ಮೊದಲ ದಿನಗಳನ್ನು ಎನ್.ಆರ್. ನಾರಾಯಣ ಮೂರ್ತಿ ಹಲವು ಬಾರಿ ನೆನೆದಿದ್ದಾರೆ. ದೂರವಾಣಿ ಸಂಪರ್ಕ ಸಿಗಲು ಸುಮಾರು ಒಂದು ವರ್ಷ. ಒಂದು ಕಂಪ್ಯೂಟರ್ ಆಮದು ಮಾಡಿಕೊಳ್ಳಲು ಎರಡು ಮೂರು ವರ್ಷ, ಅದಕ್ಕಾಗಿ ದೆಹಲಿಗೆ ಎಡತಾಕಿದ ಪ್ರಯಾಣಗಳಿಗೆ ಲೆಕ್ಕವಿಲ್ಲ. ಆ ಕಂಪನಿ ಬದುಕಿ ಉಳಿದದ್ದರಿಂದ ಈ ಕಥೆ ನಮಗೆ ತಿಳಿದಿದೆ. ಕಾಯುತ್ತಾ ಕಾಯುತ್ತಾ ಕೈಚೆಲ್ಲಿದವರ ಕಥೆ ಎಲ್ಲೂ ದಾಖಲಾಗಿಲ್ಲ.

1991ರಲ್ಲಿ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿದು, ಚಿನ್ನ ಒತ್ತೆಯಿಡುವ ಪರಿಸ್ಥಿತಿ ಬಂದಾಗ ಕಣ್ಣು ತೆರೆಯಿತು. ಜುಲೈ 24ರಂದು, ಮನಮೋಹನ ಸಿಂಗ್ ಬಜೆಟ್ ಮಂಡಿಸಿದ ದಿನವೇ, ಪಿ.ವಿ. ನರಸಿಂಹ ರಾವ್ ಸರ್ಕಾರ ಹೊಸ ಕೈಗಾರಿಕಾ ನೀತಿಯನ್ನು ಸಂಸತ್ತಿನ ಮುಂದಿಟ್ಟಿತು. 18 ಉದ್ದಿಮೆಗಳನ್ನು ಬಿಟ್ಟು ಉಳಿದೆಲ್ಲಕ್ಕೂ ಲೈಸೆನ್ಸ್ ರದ್ದಾಯಿತು.

ಸಣ್ಣದಾಗಿದ್ದರೆ ರಕ್ಷಣೆ

ಆದರೆ ಎಲ್ಲ ಬಾಗಿಲೂ ಅಂದೇ ತೆರೆಯಲಿಲ್ಲ. ಸಣ್ಣ ಉದ್ದಿಮೆಗಳ ಕಾಲಿಗೆ ಇನ್ನೊಂದು ಹಗ್ಗವಿತ್ತು. ಅದು ಪ್ರೀತಿಯಿಂದ ಕಟ್ಟಿದ ಹಗ್ಗವಾದ್ದರಿಂದ ಬಿಚ್ಚಲು ಹೆಚ್ಚು ಕಾಲ ಬೇಕಾಯಿತು.

1967ರಲ್ಲಿ ಸರ್ಕಾರ 47 ವಸ್ತುಗಳ ತಯಾರಿಕೆಯನ್ನು ಸಣ್ಣ ಕೈಗಾರಿಕೆಗಳಿಗೆ ಮೀಸಲಿಟ್ಟಿತು. ದೊಡ್ಡವರ ಪೈಪೋಟಿಯಿಂದ ಸಣ್ಣವರನ್ನು ಕಾಪಾಡುವುದು ಉದ್ದೇಶ. ಪಟ್ಟಿ ಬೆಳೆದು ಬೆಳೆದು ಎಂಟು ನೂರನ್ನು ದಾಟಿತು. ಉಪ್ಪಿನಕಾಯಿ, ಬ್ರೆಡ್ಡು, ಬೀಗ, ಬೆಂಕಿಪೊಟ್ಟಣ, ನೋಟ್‌ಬುಕ್ಕು, ಗಾಜಿನ ಬಳೆ, ಮರದ ಪೀಠೋಪಕರಣ, ಊದುಬತ್ತಿ ಎಲ್ಲ ಅದರಲ್ಲಿದ್ದವು. ಸಿದ್ಧ ಉಡುಪೂ ಬಹುಕಾಲ ಆ ಪಟ್ಟಿಯಲ್ಲಿತ್ತು.

‘ಸಣ್ಣದು’ ಎಂದರೆ ಎಷ್ಟು? ಯಂತ್ರಗಳ ಮೇಲೆ ಹೂಡಿದ ಬಂಡವಾಳ 1991ರಲ್ಲಿ 60 ಲಕ್ಷ ರೂಪಾಯಿ ಮೀರುವಂತಿರಲಿಲ್ಲ. ಈ ಗೆರೆಯನ್ನು 1997ರಲ್ಲಿ 3 ಕೋಟಿಗೆ ಏರಿಸಿ, 1999ರಲ್ಲಿ ಮತ್ತೆ 1 ಕೋಟಿಗೆ ಇಳಿಸಲಾಯಿತು. ಒಬ್ಬ ಬೀಗ ತಯಾರಕ ಚೆನ್ನಾಗಿ ದುಡಿದು, ಲಾಭ ಮಾಡಿ, ಇನ್ನೊಂದು ಉತ್ತಮ ಯಂತ್ರ ಕೊಂಡು ಗೆರೆ ದಾಟಿದನೆಂದರೆ, ಅವನು ತನ್ನದೇ ಕಸುಬಿನಲ್ಲಿ ಹೊರಗಿನವನಾಗುತ್ತಿದ್ದ. ತೆರಿಗೆ ವಿನಾಯಿತಿಯೂ ಹಾಗೆಯೇ, ವಹಿವಾಟು ಒಂದು ಮಟ್ಟ ಮೀರಿದರೆ ಇಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಎಂಬುದು ಒಳ್ಳೆಯ ಗಾದೆ. ಆದರೆ ಹಾಸಿಗೆಯನ್ನು ಉದ್ದ ಮಾಡಿಕೊಳ್ಳುವುದಕ್ಕೇ ದಂಡವಿದ್ದರೆ?

ಕೆಲಸಗಾರರ ಸಂಖ್ಯೆಯ ಗೆರೆಗಳೂ ಇದ್ದವು. 1948ರ ಕಾರ್ಖಾನೆ ಕಾಯಿದೆ ವಿದ್ಯುತ್ ಬಳಸುವ ಘಟಕಗಳಿಗೆ 10 ಮಂದಿಯಿಂದ ಅನ್ವಯಿಸುತ್ತಿತ್ತು. ಕೆಲಸಗಾರರನ್ನು ತೆಗೆಯಲು ಅಥವಾ ಘಟಕ ಮುಚ್ಚಲು ಸರ್ಕಾರದ ಪೂರ್ವಾನುಮತಿ ಬೇಕೆಂಬ ನಿಯಮ 1976ರಲ್ಲಿ 300 ಮಂದಿಯ ಕಾರ್ಖಾನೆಗಳಿಗೆ ಬಂದು, 1980ರ ದಶಕದಲ್ಲಿ 100 ಮಂದಿಯವಕ್ಕೂ ವಿಸ್ತರಿಸಿತು. ಒಂಬತ್ತು ಮಂದಿಯನ್ನಿಟ್ಟುಕೊಂಡವನು ಹತ್ತನೆಯವನನ್ನು ಸೇರಿಸಲು ಹಿಂಜರಿದ. ಬೆಳೆಯಲೇಬೇಕಾದವನು ಹೆಂಡತಿಯ ಹೆಸರಲ್ಲೊಂದು, ತಮ್ಮನ ಹೆಸರಲ್ಲೊಂದು ಘಟಕ ತೆರೆದು ಒಂದೇ ಉದ್ದಿಮೆಯನ್ನು ಮೂರು ತುಂಡು ಮಾಡಿದ. ಮೂರು ಲೆಕ್ಕಪುಸ್ತಕ, ಮೂರು ಮೀಟರು, ಮೂರು ತಪಾಸಣೆ. ಮೂಗಿಗಿಂತ ಮೂಗುತಿಯೇ ಭಾರವಾಯಿತು.

ಮೀಸಲು ಪಟ್ಟಿಯನ್ನು ಸರ್ಕಾರ ಹಂತಹಂತವಾಗಿ ಕರಗಿಸಿತು. ಕೊನೆಯ 20 ವಸ್ತುಗಳು ಹೊರಬಂದದ್ದು 2015ರ ಏಪ್ರಿಲ್‌ನಲ್ಲಿ. ಅಂದರೆ ಉಪ್ಪಿನಕಾಯಿಗೆ ಸ್ವಾತಂತ್ರ್ಯ ಸಿಕ್ಕಿದ್ದು ಉದಾರೀಕರಣ ಆರಂಭವಾಗಿ 24 ವರ್ಷಗಳ ನಂತರ! ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಅವುಗಳಲ್ಲಿ 10ರ ಗೆರೆ 20ಕ್ಕೆ, 100ರ ಗೆರೆ 300ಕ್ಕೆ ಏರಿದೆ.

ನೆರೆಮನೆಯ ಪಾಠ

ಈ ವಿಳಂಬದ ಬೆಲೆಯನ್ನು ಅಳೆಯಲು ಸಿದ್ಧ ಉಡುಪಿನ ಉದ್ದಿಮೆಯನ್ನೇ ನೋಡಬಹುದು. ಹತ್ತಿಯೂ ನಮ್ಮದು, ನೇಕಾರಿಕೆಯ ಪರಂಪರೆಯೂ ನಮ್ಮದು. ಆದರೆ ಇಲ್ಲಿ ಉಡುಪು ಸಣ್ಣ ಘಟಕಗಳಿಗೆ ಮೀಸಲಾಗಿದ್ದ ಕಾಲದಲ್ಲಿ ನೆರೆಯ ಬಾಂಗ್ಲಾದೇಶ ಬೇರೆ ದಾರಿ ಹಿಡಿಯಿತು.

1978ರಲ್ಲಿ ಅಲ್ಲಿನ ದೇಶ್ ಗಾರ್ಮೆಂಟ್ಸ್ ಎಂಬ ಖಾಸಗಿ ಕಂಪನಿ ದಕ್ಷಿಣ ಕೊರಿಯಾದ ದೇವೂ ಜೊತೆ ಒಪ್ಪಂದ ಮಾಡಿಕೊಂಡು, 130 ಮಂದಿಯನ್ನು ತರಬೇತಿಗೆಂದು ಕೊರಿಯಾಕ್ಕೆ ಕಳುಹಿಸಿತು. ಅವರಲ್ಲಿ ಬಹುಪಾಲು ಮಂದಿ ಮುಂದೆ ಹೊರಬಂದು ತಾವೇ ಕಾರ್ಖಾನೆ ಕಟ್ಟಿದರು, ಇಲ್ಲವೇ ಬೇರೆ ಕಾರ್ಖಾನೆಗಳಿಗೆ ಆ ವಿದ್ಯೆ ಕೊಂಡೊಯ್ದರು. ಸರ್ಕಾರ ಎರಡು ಅಡ್ಡಿಗಳನ್ನು ತೆಗೆದುಹಾಕಿತು. ರಫ್ತಿಗೆ ಬೇಕಾದ ಬಟ್ಟೆಯನ್ನು ಸುಂಕವಿಲ್ಲದೆ ತರಿಸಿ ಉಗ್ರಾಣದಲ್ಲಿಡಲು ಅವಕಾಶ ಕೊಟ್ಟಿತು. ವಿದೇಶಿ ಗಿರಾಕಿಯ ಬ್ಯಾಂಕ್ ಖಾತರಿಪತ್ರವನ್ನೇ ಆಧಾರವಾಗಿಟ್ಟುಕೊಂಡು ಬಟ್ಟೆ ಕೊಳ್ಳಲು ಇನ್ನೊಂದು ಖಾತರಿಪತ್ರ ತೆರೆಯಬಹುದು ಎಂದಿತು. ಕೈಯಲ್ಲಿ ದೊಡ್ಡ ಬಂಡವಾಳವಿಲ್ಲದವನೂ ಹೀಗೆ ದೊಡ್ಡ ಆದೇಶ ಪಡೆಯಬಹುದಾಯಿತು. ಅಂದಿನ ಅಂತರರಾಷ್ಟ್ರೀಯ ಕೋಟಾ ಪದ್ಧತಿಯೂ ನೆರವಾಯಿತು. ಕಾರ್ಖಾನೆಗಳು ನೂರಾರು, ಸಾವಿರಾರು ಮಂದಿಯ ಗಾತ್ರಕ್ಕೆ ಬೆಳೆದವು. ಲಕ್ಷಾಂತರ ಹಳ್ಳಿಯ ಹೆಣ್ಣುಮಕ್ಕಳು ಮೊದಲ ಬಾರಿಗೆ ಸಂಬಳ ಕಂಡರು. ಉಡುಪು ರಫ್ತಿನಲ್ಲಿ ಆ ಪುಟ್ಟ ದೇಶ ಭಾರತವನ್ನು ಹಿಂದಿಕ್ಕಿತು.

ಈ ಪಾಠಕ್ಕೆ ಇನ್ನೊಂದು ಮುಖವೂ ಇದೆ. 2013ರ ಏಪ್ರಿಲ್ 24ರಂದು ಢಾಕಾ ಸಮೀಪದ ಸಾವರ್‌ನಲ್ಲಿ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಹಿಂದಿನ ದಿನವೇ ಬಿರುಕು ಕಂಡಿತ್ತು. ಆದರೂ ಕೆಲಸಕ್ಕೆ ಕರೆಯಲಾಗಿತ್ತು. ನಿಯಮಗಳೆಲ್ಲ ಉದ್ದಿಮೆಗೆ ಶತ್ರುಗಳು ಎನ್ನುವವರಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಕಟ್ಟಡ ಗಟ್ಟಿಯಾಗಿರಬೇಕು, ಬಾಗಿಲು ತೆರೆದಿರಬೇಕು, ಸಂಬಳ ಹೊತ್ತಿಗೆ ಸರಿಯಾಗಿ ಸಿಗಬೇಕು ಎಂಬ ನಿಯಮ ಎಲ್ಲರಿಗೂ ಬೇಕು, ಹತ್ತು ಮಂದಿಯ ಘಟಕಕ್ಕೂ ಸಾವಿರ ಮಂದಿಯ ಘಟಕಕ್ಕೂ. ತಪ್ಪಿರುವುದು ನಿಯಮದಲ್ಲಲ್ಲ, ಬೆಳೆದವನನ್ನೇ ಹುಡುಕಿ ಶಿಕ್ಷಿಸುವ ನಿಯಮದಲ್ಲಿ.

ಸಾಲ ಕೊಡುವವರಾರು?

ಕಾಯಿದೆಯ ಗೆರೆ ಅಳಿಸಿದರೂ ಕೈಯಲ್ಲಿ ಕಾಸಿಲ್ಲದೆ ಎರಡನೆಯ ಯಂತ್ರ ಬರುವುದಿಲ್ಲ. ಬ್ಯಾಂಕು ಮೊದಲು ಕೇಳುವುದು ಅಡಮಾನ. ಜಮೀನಿನ ದಾಖಲೆ ಸರಿಯಿಲ್ಲದವನಿಗೆ, ಬಾಡಿಗೆ ಷೆಡ್ಡಿನವನಿಗೆ, ಆಸ್ತಿಯೆಲ್ಲ ಗಂಡನ ಹೆಸರಿನಲ್ಲಿರುವ ಹೆಣ್ಣುಮಗಳಿಗೆ ಅಲ್ಲೇ ದಾರಿ ಮುಚ್ಚುತ್ತದೆ. ಉಳಿಯುವುದು ಬಡ್ಡಿಗೆ ಕೊಡುವ ಸಾಹುಕಾರ. ಅವನ ಬಡ್ಡಿ ತೀರಿಸುವಷ್ಟರಲ್ಲಿ ಯಂತ್ರ ಕೊಳ್ಳಲು ಲಾಭ ಉಳಿದಿರುವುದಿಲ್ಲ.

ಅಡಮಾನಕ್ಕೆ ಬದಲು ಏನನ್ನು ನಂಬಬಹುದು ಎಂಬ ಪ್ರಶ್ನೆಗೆ ಕರಾವಳಿ ಕರ್ನಾಟಕ ನೂರು ವರ್ಷಗಳ ಹಿಂದೆಯೇ ಒಂದು ಉತ್ತರ ಹುಡುಕಿತ್ತು. ಕೈಮಗ್ಗದ ನೇಕಾರರು ಕಷ್ಟದಲ್ಲಿದ್ದಾಗ ಅವರಿಗೆ ನೆರವಾಗಲೆಂದು ಟಿ.ಎಂ.ಎ. ಪೈ, ಉಪೇಂದ್ರ ಪೈ ಮತ್ತು ವಾಮನ ಕುಡ್ವ 1925ರಲ್ಲಿ ಉಡುಪಿಯಲ್ಲಿ 8,000 ರೂಪಾಯಿ ಬಂಡವಾಳದಿಂದ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಪಿಗ್ಮಿ ಠೇವಣಿ ಆರಂಭಿಸಿತು. ಬ್ಯಾಂಕಿನವರೇ ಮನೆಬಾಗಿಲಿಗೆ ಹೋಗಿ ದಿನಕ್ಕೆ ಎರಡಾಣೆಯಂತೆ ಸಂಗ್ರಹಿಸುವ ಪದ್ಧತಿ ಅದು. ದಿನವೂ ತಪ್ಪದೆ ಎರಡಾಣೆ ಉಳಿಸುವವನ ಪುಸ್ತಕವೇ ಅವನ ಬಗ್ಗೆ ಸಾಕ್ಷಿ ಹೇಳುತ್ತಿತ್ತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಆ ವಿಚಾರ ಹಳತಾಗಿಲ್ಲ.

ಅಡಮಾನವಿಲ್ಲದೆ ಸಾಲ ಕೊಟ್ಟ ಬ್ಯಾಂಕಿಗೆ ನಷ್ಟವಾದರೆ ಅದರ ಬಹುಪಾಲನ್ನು ಭರಿಸುವ ಸಾಲ ಖಾತರಿ ನಿಧಿಯನ್ನು ಕೇಂದ್ರ ಸರ್ಕಾರ ಮತ್ತು ಸಿಡ್‌ಬಿ 2000ದಲ್ಲಿ ಸ್ಥಾಪಿಸಿದವು. 2015ರಲ್ಲಿ ಮುದ್ರಾ ಯೋಜನೆ ಬಂತು. ಅದರ ಸಾಲಗಳಿಗೆ ಶಿಶು, ಕಿಶೋರ, ತರುಣ ಎಂದು ಹೆಸರು. 50,000 ರೂಪಾಯಿವರೆಗಿನದು ಶಿಶು. ಹೆಸರಿನಲ್ಲೇ ಬೆಳವಣಿಗೆಯ ಆಸೆಯಿದೆ. ಶಿಶು ತರುಣನಾಗುವುದು ಮಾತ್ರ ಸಾಲ ಸಿಕ್ಕಿತೆಂಬ ಒಂದೇ ಕಾರಣದಿಂದಲ್ಲ. ಮಾಡಿದ ಕೆಲಸದ ಹಣ ಕೈಸೇರಬೇಕು.

ಮಾರಿದ ಮೇಲೆ ಕಾಯುವುದು

ಹೊರಗಿನವರಿಗೆ ಕಾಣದ ಅಡ್ಡಿಯಿದು. ಸಣ್ಣ ಘಟಕ ಬಿಡಿಭಾಗ ತಯಾರಿಸಿ ದೊಡ್ಡ ಕಂಪನಿಗೋ ಸರ್ಕಾರಿ ಸಂಸ್ಥೆಗೋ ಕೊಡುತ್ತದೆ. ಹಣ ಮೂರು ತಿಂಗಳಿಗೆ, ಆರು ತಿಂಗಳಿಗೆ ಬರುತ್ತದೆ. ಅಷ್ಟರಲ್ಲಿ ಉಕ್ಕಿನ ವ್ಯಾಪಾರಿಗೆ, ವಿದ್ಯುತ್ ಕಂಪನಿಗೆ, ಕೆಲಸಗಾರರಿಗೆ ಕೊಡಲೇಬೇಕು. ಅಂದರೆ ಸಣ್ಣವನು ದೊಡ್ಡವನಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು.

ಇದನ್ನು ತಡೆಯಲು 1993ರಲ್ಲೇ ಕಾನೂನು ಬಂತು. 2006ರ ಕಾಯಿದೆ ಇನ್ನೂ ಸ್ಪಷ್ಟ: ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. 2024ರ ಏಪ್ರಿಲ್‌ನಿಂದ ಆದಾಯ ತೆರಿಗೆಯಲ್ಲೂ ಬಿಗಿ ಮಾಡಲಾಯಿತು. ಕಿರು ಮತ್ತು ಸಣ್ಣ ಉದ್ದಿಮೆಗೆ ಹೊತ್ತಿಗೆ ಸರಿಯಾಗಿ ಹಣ ಕೊಡದ ಕಂಪನಿ ಆ ಖರ್ಚನ್ನು ಆ ವರ್ಷದ ಲೆಕ್ಕದಲ್ಲಿ ಕಳೆಯುವಂತಿಲ್ಲ. ಆದರೆ ದೂರು ಕೊಡಬೇಕಾದವನು ಯಾರು? ಮುಂದಿನ ಆದೇಶಕ್ಕಾಗಿ ಅದೇ ಕಂಪನಿಯ ಬಾಗಿಲಲ್ಲಿ ನಿಂತಿರುವವನು. ನ್ಯಾಯಾಲಯಕ್ಕೆ ಹೋಗೋಣವೆಂದರೆ, ವಿಶ್ವಬ್ಯಾಂಕ್ 2020ರ ತನ್ನ ವರದಿಯಲ್ಲಿ ಭಾರತದಲ್ಲಿ ವಾಣಿಜ್ಯ ಒಪ್ಪಂದವೊಂದರ ವ್ಯಾಜ್ಯ ಮುಗಿಯಲು 1,445 ದಿನ ಬೇಕೆಂದು ಅಂದಾಜಿಸಿತ್ತು. ಅಂಕಿಅಂಶಗಳಲ್ಲಿ ದೋಷ ಕಂಡುಬಂದು ಆ ವರದಿಯ ಪ್ರಕಟಣೆಯೇ 2021ರಲ್ಲಿ ನಿಂತಿತು, ನಿಜ. ಆದರೂ ನ್ಯಾಯಾಲಯದ ಮೆಟ್ಟಿಲು ಹತ್ತಿದ ಯಾವ ಉದ್ದಿಮೆದಾರನೂ ಆ ಸಂಖ್ಯೆ ಕೇಳಿ ಅಚ್ಚರಿಪಡಲಿಲ್ಲ.

ಸೋತವರಿಗೆ ಹೊರಬರುವ ದಾರಿಯೂ ಬೇಕು. 2015-16ರ ಆರ್ಥಿಕ ಸಮೀಕ್ಷೆ ಇದನ್ನು ಚಕ್ರವ್ಯೂಹಕ್ಕೆ ಹೋಲಿಸಿತು. ಅಭಿಮನ್ಯುವಿನಂತೆ ಒಳಹೋಗುವುದು ಗೊತ್ತು, ಹೊರಬರುವುದು ಗೊತ್ತಿಲ್ಲ. 2016ರಲ್ಲಿ ದಿವಾಳಿ ಸಂಹಿತೆ ಬಂದ ಮೇಲೆ ದೊಡ್ಡ ಕಂಪನಿಗಳಿಗೆ ಒಂದು ಬಾಗಿಲು ಕಂಡಿದೆ. ಆದರೆ ಮನೆಯನ್ನೇ ಅಡವಿಟ್ಟು ಸಾಲ ತಂದ ಸಣ್ಣ ಉದ್ದಿಮೆದಾರ ಸೋತರೆ ಇಂದಿಗೂ ಸೋಲುವುದು ಇಡೀ ಸಂಸಾರ. ಹೆತ್ತವರ ಮೌನಕ್ಕೆ ಮೂಲ ಇದೇ.

ಕಲಿಯಬೇಕಾದ ಪಾಠ

ಹಾಗಾದರೆ ಉದ್ದಿಮೆಯ ಕನಸು ಕಾಣುವ ವಿದ್ಯಾರ್ಥಿ ಏನು ಮಾಡಬೇಕು? ಯಂತ್ರದ ವಿದ್ಯೆಯಷ್ಟೇ ಕಾಗದದ ವಿದ್ಯೆಯನ್ನೂ ಕಲಿಯಬೇಕು. ಆದೇಶವನ್ನು ಬಾಯಿಮಾತಿನಲ್ಲಿ ಪಡೆಯದೆ ಬರಹದಲ್ಲಿ ಪಡೆಯುವುದು, ಪ್ರತಿ ಸರಕಿಗೂ ದಿನಾಂಕವಿರುವ ಬಿಲ್ಲು ಬರೆಯುವುದು, ಮನೆಯ ಹಣಕ್ಕೂ ಉದ್ದಿಮೆಯ ಹಣಕ್ಕೂ ಬೇರೆ ಬೇರೆ ಖಾತೆ ಇಡುವುದು ಮೊದಲ ಪಾಠ. ಉದ್ಯಮ್ ನೋಂದಣಿ 2020ರ ಜುಲೈನಿಂದ ಜಾರಿಯಲ್ಲಿದೆ. ಆಧಾರ್ ಮತ್ತು ಪ್ಯಾನ್ ಇದ್ದರೆ ಸ್ವಯಂ ಘೋಷಣೆಯ ಮೇಲೆ ಉಚಿತವಾಗಿ ಆಗುತ್ತದೆ, ಮಧ್ಯವರ್ತಿ ಬೇಕಿಲ್ಲ. ನೋಂದಣಿಯಿಲ್ಲದಿದ್ದರೆ 45 ದಿನದ ರಕ್ಷಣೆ ಕೇಳುವುದು ಕಷ್ಟ. ಜಿ.ಎಸ್.ಟಿ. ಲೆಕ್ಕವನ್ನು ತಪ್ಪದೆ ಸಲ್ಲಿಸುವುದು ತೊಂದರೆ ಎನಿಸಬಹುದು. ಆದರೆ ಅಂದಿನ ಪಿಗ್ಮಿ ಪುಸ್ತಕ ಮಾಡಿದ ಕೆಲಸವನ್ನು ಇಂದು ಮಾಡುವುದು ಆ ಲೆಕ್ಕವೇ. ಆಸ್ತಿಯಿಲ್ಲದವನ ಪರವಾಗಿ ಬ್ಯಾಂಕಿನಲ್ಲಿ ಸಾಕ್ಷಿ ಹೇಳುವುದು ಅದು.

ತರಬೇತಿಗೂ ದೂರ ಹೋಗಬೇಕಿಲ್ಲ. 1982ರಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆ ನಿರುದ್ಯೋಗಿ ಯುವಜನರಿಗೆ ಊಟ ವಸತಿಯೊಡನೆ ಉಚಿತ ತರಬೇತಿ ಕೊಡುತ್ತಾ ಬಂದಿದೆ. ಅದನ್ನೇ ಮಾದರಿಯಾಗಿಟ್ಟುಕೊಂಡು ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳು ಇಂತಹ ಕೇಂದ್ರಗಳನ್ನು ನಡೆಸುತ್ತಿವೆ.

ಉಳಿದದ್ದು ಸರ್ಕಾರದ ಪಾಲಿನ ಕೆಲಸ. ಪ್ರತಿ ವರ್ಷವೂ ಎಷ್ಟು ಹೊಸ ಘಟಕಗಳು ನೋಂದಣಿಯಾದವು, ಎಷ್ಟು ಸಾಲ ಹಂಚಲಾಯಿತು ಎಂಬ ಅಂಕಿಗಳು ಬಜೆಟ್ ಭಾಷಣಗಳಲ್ಲಿ ಕೇಳಿಬರುತ್ತವೆ. ಹತ್ತು ವರ್ಷಗಳ ಹಿಂದೆ ಐದು ಮಂದಿಯಿದ್ದ ಘಟಕದಲ್ಲಿ ಇಂದು ಎಷ್ಟು ಮಂದಿ ಇದ್ದಾರೆ ಎಂಬ ಲೆಕ್ಕವನ್ನೂ ಜನ ಕೇಳಬೇಕಾಗಿದೆ. ಆ ಸಂಖ್ಯೆ ಏರಿದರೆ ಇಂದು ಕಾಲೇಜಿನಲ್ಲಿರುವ ಮಕ್ಕಳಿಗೆ ಕೆಲಸ ಹುಡುಕುವ ಅಲೆದಾಟ ತಾನಾಗಿಯೇ ಕಡಿಮೆಯಾಗುತ್ತದೆ. ಸ್ವಂತ ಉದ್ದಿಮೆ ಮಾಡುವವರಿಗೂ, ಅವರ ಬಳಿ ಕೆಲಸಕ್ಕೆ ಸೇರುವವರಿಗೂ ಬೇಕಾದದ್ದು ಇಷ್ಟೇ.